ಎಂಟು ಪುಟದ ಅಕ್ಕ

ನನ್ನ ಅಕ್ಕ ಎಂಟು ಪುಟ ಇದ್ದಳು.

ಭಾನುವಾರ ಮಧ್ಯಾಹ್ನ, ಊಟದ ತಟ್ಟೆಗಳನ್ನು ಎತ್ತಿ ಮೇಜು ಒರೆಸಿದ ಮೇಲೆ, ಅವಳು ತನ್ನ ರೆಸ್ಯೂಮೆ ತಂದು ನನ್ನ ಮುಂದಿಟ್ಟಳು. ಸುತ್ತಲೂ ಬಳ್ಳಿಯ ಅಂಚು. ಮೊದಲ ಪುಟದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಅವಳ ಫೋಟೊ. ಪ್ರತಿ ಪುಟದ ಎಡಕ್ಕೂ ಮೂರು ಬೆರಳಿನಷ್ಟು ಖಾಲಿ ಜಾಗ. ಜೆರಾಕ್ಸ್ ಅಂಗಡಿಯವನು ಅವಳು ಹೇಳಿದ ಹಾಗೆಲ್ಲ ಮಾಡಿಕೊಟ್ಟದ್ದು. ಅದನ್ನು ಒಂದು ವರ್ಷದಿಂದ ಹೊರದೇಶದ ಗ್ರಂಥಾಲಯಗಳಿಗೆ ಕಳಿಸುತ್ತಲೇ ಇದ್ದಳಂತೆ. ಒಬ್ಬರೂ ಉತ್ತರಿಸಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

"ಒಂದು ವರ್ಷದಿಂದಾ? ನನ್ನನ್ನ ಯಾಕೆ ಕೇಳಲಿಲ್ಲ?"

"ನಿನ್ನನ್ನ ಕೇಳಿದ್ರೆ ಕೆಲಸ ಸಿಗೋಕೆ ಮುಂಚೆ ಬೀದಿಗೆಲ್ಲ ಡಂಗುರ ಆಗಿರ್ತಿತ್ತು."

ನಾನು ಒಂದು ಆಸ್ಪತ್ರೆಯ ನೇಮಕಾತಿ ವಿಭಾಗದಲ್ಲಿದ್ದೇನೆ. ದಿನವಿಡೀ ಪರದೆಯ ಮೇಲೆ ಬೇರೆಯವರ ಬದುಕನ್ನು ಪುಟಗಳಾಗಿ ನೋಡುವುದೇ ನನ್ನ ಹೊಟ್ಟೆಪಾಡು. ಅಕ್ಕ ಬೈಂಡರು. ಅಪ್ಪ ಹೊಲಿಯುತ್ತಿದ್ದ ಬೈಂಡಿಂಗ್ ಶಾಪಿನಲ್ಲಿ, ಅಪ್ಪ ಕೂರುತ್ತಿದ್ದ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಪುಸ್ತಕ ಹೊಲಿಯುತ್ತಾಳೆ. ಅಲ್ಲಿ ಎಲ್ಲರೂ ಅವಳನ್ನು 'ಸೂಜಿ' ಎಂದೇ ಕರೆಯುವುದು. ಈಗ ಮಾಲೀಕರು ಅಂಟಿನ ಯಂತ್ರ ತರಿಸುತ್ತಿದ್ದರು. ಪುಸ್ತಕದ ಬೆನ್ನನ್ನು ಕತ್ತರಿಸಿ, ಬಿಸಿ ಅಂಟು ಬಳಿದು, ರಟ್ಟು ಒತ್ತಿ ಆಚೆ ತಳ್ಳುವ ಯಂತ್ರ. ಈ ವರ್ಷ ಮುಗಿದರೆ ಹೊಲಿಗೆಯ ಕೋಣೆಗೆ ಬೀಗ. ಅಕ್ಕನಿಗೆ ಪ್ಯಾಕಿಂಗ್ ಕಡೆ ಜಾಗ ಕೊಡುತ್ತಾರಂತೆ.

"ಮತ್ತೆ ಕೆಲಸ ಹೋಗಲ್ವಲ್ಲ?" ಎಂದರು ಅಮ್ಮ.

"ಕೆಲಸ ಹೋಗಲ್ಲ. ಸೂಜಿ ಹೋಗುತ್ತೆ," ಎಂದಳು ಅಕ್ಕ.

ಮಂಗಳವಾರಕ್ಕೆ ಇನ್ನೊಂದು ಅರ್ಜಿಯ ಗಡುವು ಮುಗಿಯುತ್ತಿತ್ತು. ದೂರದ ದೇಶದ ದೊಡ್ಡ ಗ್ರಂಥಾಲಯ. ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುವ ಕಾರ್ಯಾಗಾರ. ಕೈಹೊಲಿಗೆ ಬಲ್ಲವರು ಬೇಕು. ಅಂಥ ಜಾಗ ಮತ್ತೆ ಯಾವಾಗ ಖಾಲಿ ಬೀಳುತ್ತದೋ. ಅದಕ್ಕೇ ಅವಳು ಕೊನೆಗೂ ನನ್ನ ಮುಂದೆ ಕೂತದ್ದು.

"ಎರಡು ಪುಟ ಮೀರಬಾರದು ಅಂತ ಬರೆದಿದಾರಲ್ಲ ಅಕ್ಕ."

"ಓದಿದೆ. ಎರಡು ಪುಟ ಅಂದ್ರೆ ಬಿಡಿ ಹಾಳೆ ಕಣೇ. ಎಲ್ಲೋ ಕಳೆದುಹೋಗುತ್ತೆ. ಎಂಟಾದ್ರೆ ಒಂದು ಮಡಿಕೆ. ದಾರ ಹಿಡಿಯುತ್ತೆ."

ಆಗ ಅರ್ಥವಾಯಿತು. ದೊಡ್ಡ ಹಾಳೆಯನ್ನು ಮಡಿಚಿದರೆ ನಾಲ್ಕು ಪುಟ, ಇನ್ನೊಮ್ಮೆ ಮಡಿಚಿದರೆ ಎಂಟು, ಮತ್ತೊಮ್ಮೆ ಮಡಿಚಿದರೆ ಹದಿನಾರು. ಅವಳ ಲೋಕದಲ್ಲಿ ಐದೂವರೆ ಪುಟದ ವಸ್ತುವೇ ಇಲ್ಲ. ಅವಳ ಬದುಕು ಐದೂವರೆಗೆ ಮುಗಿದಿತ್ತು. ಮಿಕ್ಕಿದ್ದನ್ನು ತುಂಬಿಸಲು ಶಾಲೆಯ ಗೋಣಿಚೀಲದ ಓಟದಲ್ಲಿ ಎರಡನೇ ಬಹುಮಾನ, ರಕ್ತದ ಗುಂಪು, ಅಮ್ಮನ ತವರು, ಗಂಡನ ಉದ್ಯೋಗ (ಕ್ಷೌರಿಕ, ಸ್ವಂತ ಅಂಗಡಿ, ಎರಡು ಕುರ್ಚಿ) ಎಲ್ಲ ಬಂದು ಕೂತಿದ್ದವು.

"ಎಡಗಡೆ ಇಷ್ಟೊಂದು ಜಾಗ?"

"ಹೊಲಿಯೋಕೆ ಬೇಡ್ವಾ?"

"ಅವರು ಹೊಲಿಯಲ್ಲ. ಪರದೆ ಮೇಲೆ ನೋಡ್ತಾರೆ. ನೋಡೋಕೂ ಮುಂಚೆ ಒಂದು ಯಂತ್ರ ಓದುತ್ತೆ. ಅದು ದಾಟಿಸಿದ್ರೆ ಮಾತ್ರ ಮನುಷ್ಯರ ಕೈಗೆ."

"ಅಲ್ಲೂ ಯಂತ್ರವೇ?" ಎಂದರು ಅಮ್ಮ.

ಆ ಯಂತ್ರದ ಕಣ್ಣಿಗೆ ಅಕ್ಕ ಹೇಗೆ ಕಾಣುತ್ತಾಳೆಂದು ತೋರಿಸಲು ಒಂದು ಸುಲಭದ ದಾರಿಯಿದೆ. ಅವಳ ಫೈಲಿನಲ್ಲಿದ್ದದ್ದನ್ನೆಲ್ಲ ಎತ್ತಿ, ಅಂಚು, ಚೌಕಟ್ಟು, ಬಣ್ಣ ಏನೂ ಇಲ್ಲದ ಬರಿ ಅಕ್ಷರದ ಪುಟಕ್ಕೆ ಹಾಕಿದೆ. ಎರಡು ಕಾಲಂ ಮಾಡಿ ಡಬ್ಬಿಗಳೊಳಗೆ ಜೋಡಿಸಿದ್ದ ಸಾಲುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಹೊರಗೆ ಬಿದ್ದವು. ನಾನು ಗಟ್ಟಿಯಾಗಿ ಓದಿದೆ.

"ವೈವಾಹಿಕ ಸ್ಥಿತಿ: ಮೇಣ ಹಚ್ಚಿದ ದಾರ. ರಕ್ತದ ಗುಂಪು: ಚರ್ಮದ ಹೊದಿಕೆ. ಗಂಡ: ಇಲಿ ಕಡಿದಿದ್ದು, ರಿಪೇರಿ ಸಾಧ್ಯ."

ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ ಭಾವ ತಲೆಯಾಡಿಸಿದರು. "ಯಂತ್ರಕ್ಕೆ ಬುದ್ಧಿ ಇದೆ ಬಿಡಿ ಅತ್ತೆ. ಒಂದೇ ಸಲಕ್ಕೆ ನನ್ನನ್ನ ಕಂಡುಹಿಡಿದುಬಿಡ್ತು."

ಎಲ್ಲರೂ ನಕ್ಕೆವು. ಅಕ್ಕ ಎಲ್ಲರಿಗಿಂತ ಹೆಚ್ಚು ನಕ್ಕಳು. ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

"ಒಂದು ವರ್ಷ ಅವರು ಇದನ್ನ ಓದಿದ್ರಾ?"

"ಯಾರೂ ಓದಿಲ್ಲ ಅಕ್ಕ. ನಿನ್ನನ್ನ ಬೇಡ ಅಂದವರೇ ಯಾರೂ ಇಲ್ಲ ಇನ್ನೂ."

ಅವಳಿಗೆ ಅದು ಸಮಾಧಾನವೋ ಅಲ್ಲವೋ ತಿಳಿಯಲಿಲ್ಲ. ನಾನು ತೋಳು ಏರಿಸಿ ಕೂತೆ. ನನ್ನ ಕಚೇರಿಯ ಕೈ ತಾನಾಗಿಯೇ ಓಡಿತು. ಬಳ್ಳಿ ಹೋಯಿತು, ಡಬ್ಬಿಗಳು ಹೋದವು, ಪುಟಗಳಿಗೆ ಪುಟಗಳೇ ಹೋದವು. ಚಹಾ ಆರುವಷ್ಟರಲ್ಲಿ ಒಂದು ಚೊಕ್ಕ ಪುಟ ಉಳಿದಿತ್ತು: ಬೈಂಡಿಂಗ್ ಕ್ಷೇತ್ರದಲ್ಲಿ ದೀರ್ಘ ಅನುಭವ, ಶ್ರದ್ಧೆಯ ದುಡಿಮೆ, ತಂಡದೊಂದಿಗೆ ಬೆರೆಯುವ ಸ್ವಭಾವ.

ಅಕ್ಕ ಅದನ್ನು ಎರಡು ಸಲ ಓದಿದಳು. "ಇವಳು ಯಾರು?"

"ನೀನೇ."

"ಇವಳ ಜೊತೆ ನಾನು ಒಂದು ದಿನಾನೂ ಕೆಲಸ ಮಾಡಿಲ್ಲ."

"ಪೂರ್ತಿ ಬೋಳಿಸಿಬಿಟ್ಟೆ ನಾದಿನಿ," ಎಂದರು ಭಾವ. "ಗಿರಾಕಿ 'ಸ್ವಲ್ಪ' ಅಂದಿದ್ದ."

ನನಗೆ ರೇಗಿತು. ದಿನಾ ನೂರಾರು ನೋಡುವವಳು ನಾನು, ನಿಮಗೆಲ್ಲ ಏನು ಗೊತ್ತು ಎಂದೆ. ಅಕ್ಕನಿಗೂ ರೇಗಿತು. ಎಂಟು ಪುಟ ಕೊಟ್ಟರೆ ಒಂದು ಗಾದೆ ವಾಪಸ್ ಕೊಟ್ಟಿದೀಯ ಎಂದಳು. ಅಮ್ಮ ಎದ್ದು ಬಿಸಿ ಚಹಾ ತರಲು ಹೋದರು; ನಮ್ಮಿಬ್ಬರ ಜಗಳದಲ್ಲಿ ಅವರು ಯಾವಾಗಲೂ ತೆಗೆದುಕೊಳ್ಳುವ ಪಕ್ಷ ಅಡುಗೆಮನೆಯದು.

ಅಕ್ಕ ಚೀಲದಿಂದ ತನ್ನ ಕತ್ತಿ ತೆಗೆದಳು. ಕಬ್ಬಿಣದ ಸ್ಕೇಲು ತೆಗೆದಳು. ಹಳೆಯ ರಟ್ಟೊಂದನ್ನು ಮೇಜಿನ ಮೇಲೆ ಹಾಸಿ, ತನ್ನ ಎಂಟು ಪುಟಗಳನ್ನು ಒಂದೊಂದಾಗಿ ಇಟ್ಟು, ಸಾಲು ಸಾಲಾಗಿ ಕತ್ತರಿಸತೊಡಗಿದಳು.

"ಏನು ಮಾಡ್ತಿದೀಯ?"

"ಕೆಟ್ಟ ಬೈಂಡಿಂಗನ್ನ ಮೇಲಿಂದ ತೇಪೆ ಹಾಕೋಕಾಗಲ್ಲ. ಬಿಚ್ಚಬೇಕು."

ಮೇಜು ಪಟ್ಟಿಗಳಿಂದ ತುಂಬಿಹೋಯಿತು. ಒಂದೊಂದು ಪಟ್ಟಿಯನ್ನು ಬೆರಳಿನಿಂದ ಮುಂದಕ್ಕೆ ಸರಿಸಿ ಅಕ್ಕ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ತೆಗೆದ್ರೆ ಬೀಳುತ್ತಾ?" ಹಳೆಯ ಪುಸ್ತಕ ಬಿಚ್ಚುವಾಗ ಅಪ್ಪ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಯಾವುದನ್ನು ತೆಗೆದರೂ ಪುಸ್ತಕ ನಿಲ್ಲುತ್ತದೋ ಅದು ಯಾರೋ ಆಮೇಲೆ ಬಳಿದ ಅಂಟು. ಯಾವುದನ್ನು ತೆಗೆದರೆ ಬೀಳುತ್ತದೋ ಅದೇ ಪುಸ್ತಕ.

ಗೋಣಿಚೀಲದ ಓಟ ತೆಗೆದೆವು. ಬೀಳಲಿಲ್ಲ. ರಕ್ತದ ಗುಂಪು, ವಯಸ್ಸು, ಅಮ್ಮನ ತವರು ಹೋದವು. ಫೋಟೊದ ಮೇಲೆ ಅಮ್ಮ ಕೈ ಇಟ್ಟರು.

"ಚೆನ್ನಾಗಿ ಬಂದಿದೆಯಲ್ಲೇ. ಇರಲಿ ಬಿಡು."

"ಅಲ್ಲಿ ಫೋಟೊ ಬೇಡ ಅಂತಾನೇ ಬರೆದಿದಾರಮ್ಮ," ಎಂದೆ. "ಮುಖ ನೋಡಿ ಮಣೆ ಹಾಕಿದ್ರು ಅಂತ ನಾಳೆ ಯಾರೂ ಅನ್ನಬಾರದಲ್ಲ."

"ನನ್ನ ಎರಡು ಕುರ್ಚಿ?" ಎಂದರು ಭಾವ.

ಅಕ್ಕ ಪಟ್ಟಿಯನ್ನು ಎತ್ತಿ ಹಿಡಿದಳು. "ನಿಮ್ಮನ್ನ ತೆಗೆದ್ರೆ ಮನೆ ಬೀಳುತ್ತೆ ರೀ. ಪುಟ ಬೀಳಲ್ಲ."

ಭಾವ ಅದನ್ನು ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಅವಳಿಗೆ ಕೆಲಸ ಸಿಕ್ಕರೆ ಮೊದಲು ಅವಳೊಬ್ಬಳೇ ಹೋಗುವುದು, ಅಂಗಡಿಗೆ ಒಂದು ಏರ್ಪಾಡು ಮಾಡಿ ಅವರು ಆಮೇಲೆ ಸೇರಿಕೊಳ್ಳುವುದು ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಮಾತಾಡಿಕೊಂಡದ್ದನ್ನು ಅವರು ಮತ್ತೆ ಎತ್ತಲಿಲ್ಲ.

ಆಮೇಲೆ 'ತಂದೆಯ ಹೆಸರು' ಎಂಬ ಪಟ್ಟಿ ಬಂತು. ಅಕ್ಕ ಕೇಳಲಿಲ್ಲ. ಅದನ್ನು ಯಾವ ಗ್ರಂಥಾಲಯವೂ ಕೇಳಿರಲಿಲ್ಲ.

ಅಮ್ಮನೇ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹೆಸರು ಕಟ್ಟಿಕೊಂಡು ಅವರೇನು ಮಾಡ್ತಾರೆ? ನಿಮ್ಮಪ್ಪ ಏನು ಕಲಿಸಿದ್ರು ಅಂತ ಬರಿ."

ನಾನು ಬರೆದೆ. ತರಬೇತಿ: ಒಬ್ಬ ಹಿರಿಯ ಬೈಂಡರ ಕೈಕೆಳಗೆ, ಹೊಲಿಗೆ, ಬೆನ್ನು ದುಂಡಗಾಗಿಸುವುದು, ಹಳೆಯ ಅಂಟು ಬಿಡಿಸುವುದು. ಆ ಸಾಲನ್ನು ತೆಗೆದು ನೋಡಿದೆವು. ಬಿತ್ತು. ಮತ್ತೆ ಇಟ್ಟೆವು.

ಸಂಜೆಯ ಬಿಸಿಲು ಮೇಜಿನ ಕಾಲಿಗೆ ಇಳಿಯುವ ಹೊತ್ತಿಗೆ ಸಾಲುಗಳು ಗಟ್ಟಿಯಾಗುತ್ತ ಬಂದಿದ್ದವು. ಇತ್ತೀಚಿನ ಕೆಲಸ ಮೊದಲು, ಹಳೆಯದು ಕೊನೆಗೆ ಎಂದಾಗ ಅಕ್ಕ ಮೂಗು ಮುರಿದಳು. ಪುಸ್ತಕವನ್ನು ಕೊನೆಯಿಂದ ಯಾರು ಶುರು ಮಾಡುತ್ತಾರೆ?

"ನಾವು," ಎಂದರು ಭಾವ. "ಕತ್ತರಿ ಯಾವಾಗಲೂ ತಲೆಯ ಹಿಂದಿನಿಂದಲೇ ಶುರು."

ಒಂದು ಪಟ್ಟಿಯ ಬಗ್ಗೆ ಮಾತ್ರ ನಾವಿಬ್ಬರೂ ಮತ್ತೆ ಹಟ ಹಿಡಿದೆವು. 'ಸಂಗೀತ ಶಾಲೆಯ ಪಿಯಾನೊ ಪುಸ್ತಕಗಳು' ಎಂದಷ್ಟೇ ಇತ್ತು ಅದರಲ್ಲಿ. ನಾನು ಬದಿಗೆ ತಳ್ಳಿದೆ. ಗ್ರಂಥಾಲಯಕ್ಕೂ ಪಿಯಾನೊಗೂ ಏನು ಸಂಬಂಧ? ಅಕ್ಕ ಅದನ್ನು ಮತ್ತೆ ನಡುವಿಗೆ ತಂದಳು.

"ಪಿಯಾನೊ ನುಡಿಸೋವಾಗ ಕೈ ಎರಡೂ ಕೆಲಸದಲ್ಲಿರುತ್ತೆ. ಪುಸ್ತಕ ತಾನಾಗೇ ತೆರೆದುಕೊಂಡಿರಬೇಕು. ಅಂಟಿನ ಪುಸ್ತಕ ಕೈ ಬಿಟ್ಟ ತಕ್ಷಣ ಬಾಯಿ ಮುಚ್ಚಿಕೊಳ್ಳುತ್ತೆ. ನಾನು ಹೊಲಿದಿದ್ದು ಮುಚ್ಚಿಕೊಳ್ಳಲ್ಲ."

"ಹೇಗೆ?"

ಅವಳು ಹೇಳಿದಳು. ದಾರವನ್ನು ಎಲ್ಲಿ ಬಿಗಿಯಬೇಕು, ಎಲ್ಲಿ ಬಿಗಿಯಬಾರದು, ಬೆನ್ನಿಗೆ ಯಾವ ಬಟ್ಟೆ. ಅವಳ ಮದುವೆಯ ತನಕ ಒಂದೇ ಕೋಣೆಯಲ್ಲಿ ಮಲಗಿ ಎದ್ದವಳು, ನಾನು ಇದನ್ನು ಕೇಳಿದ್ದು ಅದೇ ಮೊದಲು.

"ಎಷ್ಟು ಪುಸ್ತಕ?"

"ಶಾಲೆಯ ಕಪಾಟು ತುಂಬ. ಮುನ್ನೂರು ದಾಟಿರಬಹುದು."

"ಎಷ್ಟು ವಾಪಸ್ ಬಂದ್ವು, ಕಿತ್ತುಹೋಗಿ?"

"ಯಾಕೆ ಬರ್ತವೆ?"

ಅದನ್ನೇ ಬರೆದೆ. ಸಂಗೀತ ಶಾಲೆಗೆ ಮುನ್ನೂರಕ್ಕೂ ಹೆಚ್ಚು ಪುಸ್ತಕಗಳನ್ನು, ಕೈ ಬಿಟ್ಟರೂ ತೆರೆದೇ ಇರುವಂತೆ ಹೊಲಿದಿದ್ದೇನೆ. ಒಂದೂ ರಿಪೇರಿಗೆ ಮರಳಿಲ್ಲ. ಸೇರಿಸಿ ನೋಡಿದರೆ ಸರಿಯಾಗಿ ಎರಡು ಪುಟ. ಒಂದೇ ಕಾಲಂ, ಒಂದೇ ಅಕ್ಷರ, ಡಬ್ಬಿ ಇಲ್ಲ, ಬಳ್ಳಿ ಇಲ್ಲ. ಮತ್ತೆ ಎತ್ತಿ ಬರಿ ಅಕ್ಷರದ ಪುಟಕ್ಕೆ ಹಾಕಿದೆ. ಸಾಲುಗಳು ಒಂದರ ಹಿಂದೊಂದು, ಶಾಲೆಯ ಮಕ್ಕಳ ಹಾಗೆ ಬಂದು ನಿಂತವು. ದಾರ ದಾರದ ಜಾಗದಲ್ಲಿತ್ತು.

"ಬಿಡಿ ಹಾಳೆ," ಎಂದಳು ಅಕ್ಕ, ನಿಟ್ಟುಸಿರಿಟ್ಟು.

"ಒಂದೇ ಹಾಳೆ, ಎರಡು ಮಗ್ಗುಲು. ಕಳೆದುಹೋಗಲ್ಲ. ನಾನು ಜವಾಬ್ದಾರಿ."

"ಎಡಗಡೆ ಸ್ವಲ್ಪ ಜಾಗ ಬಿಡೇ. ಯಾರಾದ್ರೂ ಹೊಲಿಯಬೇಕು ಅಂದುಕೊಂಡ್ರೆ."

ಬಿಟ್ಟೆ. ಬಲಗಡೆಗಿಂತ ಕೂದಲೆಳೆಯಷ್ಟು ಹೆಚ್ಚು. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಸೋಮವಾರ ಬೆಳಿಗ್ಗೆ ಕಳಿಸಿದೆವು.

ಉತ್ತರ ಬರಲು ಸಮಯ ಹಿಡಿಯಿತು. ಅಷ್ಟರಲ್ಲಿ ಶಾಪಿಗೆ ಅಂಟಿನ ಯಂತ್ರ ಬಂದು, ಅದನ್ನು ಒಳಗೆ ತರಲು ಬಾಗಿಲಿನ ಚೌಕಟ್ಟು ಬಿಚ್ಚಿದರಂತೆ. ಅಕ್ಕನ ಸ್ಟೂಲು ಕಿಟಕಿಯಿಂದ ಮೂಲೆಗೆ ಹೋಯಿತು. ಅವಳು ಊಟಕ್ಕೆ ಕೂತಾಗ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು, ಪರದೆ ಮೇಲೆ ಮಾಡಿ.

ಕೊನೆಗೆ ಬಂದ ಪತ್ರ ಚಿಕ್ಕದು. ಪರದೆಯ ಮೇಲೆ ಭೇಟಿಯಾಗೋಣ. ಆ ಪಿಯಾನೊ ಪುಸ್ತಕ ಒಂದನ್ನು ತೋರಿಸಲು ಸಾಧ್ಯವೇ?

ಸಂಗೀತ ಶಾಲೆಗೆ ಹೋಗಿ ಒಂದನ್ನು ಎರವಲು ತಂದಳು. ಎಲ್ಲಕ್ಕಿಂತ ಹಳೆಯದು, ಮೂಲೆಗಳು ಮೆತ್ತಗಾಗಿದ್ದವು, ಪುಟಗಳ ತುಂಬ ಪೆನ್ಸಿಲ್ಲಿನ ಗುರುತು. ಭಾವ ಆ ಬೆಳಿಗ್ಗೆ ಅಂಗಡಿ ತಡವಾಗಿ ತೆರೆಯುತ್ತೇನೆಂದು ಮನೆಯಲ್ಲೇ ಉಳಿದರು. ಅಮ್ಮ ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಕೂತರು.

ಪರದೆಯಲ್ಲಿ ಬಂದವರು ಕಾರ್ಯಾಗಾರದ ಮುಖ್ಯಸ್ಥೆ. ನೆರೆಗೂದಲು, ಮೊಣಕೈವರೆಗೆ ಮಡಿಚಿದ ಅಂಗಿಯ ತೋಳು. ಅವರ ಭಾಷೆ ಅಕ್ಕನಿಗೆ ಬಂದದ್ದು ಬೈಂಡಿಂಗಿಗೆ ಬರುವ ಪುಸ್ತಕಗಳಿಂದ. ಪುಟದ ಕೊನೆಯ ಪದ, ಮುಂದಿನ ಪುಟದ ಮೊದಲ ಪದ ಕೂಡುತ್ತದೋ ಇಲ್ಲವೋ ನೋಡಿ ನೋಡಿ ಕಲಿತದ್ದು. ಮಾತೂ ಹಾಗೇ ಬಂತು, ನಡುವೆ ಏನೂ ಇಲ್ಲದೆ. ಮೊದಲ ಎರಡು ಪ್ರಶ್ನೆಗೆ ಅವಳು ತಡವರಿಸಿದಳು. ನಾನು ಬಾಯಿ ಹಾಕಲು ಹೊರಟೆ. ಭಾವ ನನ್ನ ಭುಜ ಒತ್ತಿ ಕೂರಿಸಿದರು.

ಆಗ ಅಕ್ಕ ಮಾತು ಬಿಟ್ಟಳು. ಪುಸ್ತಕವನ್ನು ಕ್ಯಾಮೆರಾದ ಮುಂದೆ ಮೇಜಿನ ಮೇಲಿಟ್ಟು ನಡುವಿನಲ್ಲಿ ತೆರೆದಳು. ಎರಡೂ ಕೈಗಳನ್ನು ಮೇಲೆತ್ತಿದಳು.

ಪುಸ್ತಕ ತೆರೆದೇ ಇತ್ತು.

ಮುಖ್ಯಸ್ಥೆ ಪರದೆಗೆ ಹತ್ತಿರ ಬಾಗಿದರು. ಮೊದಲ ಪುಟದ ಹತ್ತಿರ ತೆರೆಯಿರಿ ಎಂದರು. ತೆರೆದಳು, ಕೈ ಎತ್ತಿದಳು. ಕೊನೆಯ ಹತ್ತಿರ ಎಂದರು. ತೆರೆದಳು, ಕೈ ಎತ್ತಿದಳು. ಅವರು ಪಕ್ಕಕ್ಕೆ ತಿರುಗಿ ಯಾರನ್ನೋ ಕರೆದರು. ಇನ್ನೊಂದು ಮುಖ ಬಂದು ಪರದೆಗೆ ಆತುಕೊಂಡಿತು. ಇಬ್ಬರೂ ತಮ್ಮತಮ್ಮಲ್ಲಿ ಏನೋ ಮಾತಾಡಿಕೊಂಡರು. ಅಕ್ಕ ಕೈಗಳನ್ನು ಇಳಿಸುವುದನ್ನೇ ಮರೆತಿದ್ದಳು.

ಮುಖ್ಯಸ್ಥೆ ಮತ್ತೆ ನಮ್ಮ ಕಡೆ ತಿರುಗಿದರು. ಅವರು ಕೇಳಿದ್ದು ನನಗಿಂತ ಮೊದಲು ಅಕ್ಕನಿಗೆ ಅರ್ಥವಾಯಿತು.

"ನಿಮ್ಮ ಸೂಜಿಗಳನ್ನು ನೀವೇ ತರುತ್ತೀರಾ, ನಾವು ತರಿಸಿಡಬೇಕಾ?"

ಅಕ್ಕ ಕೈ ಇಳಿಸಿದಳು. "ನನ್ನವೇ ತರ್ತೀನಿ," ಎಂದಳು, ನಮ್ಮ ಭಾಷೆಯಲ್ಲೇ.