ಹಗ್ಗದ ಮೇಲಿನ ಇಪ್ಪತ್ಮೂರು ಚೀಟಿ

ಹನ್ನೊಂದು ವರ್ಷ ನಾನು ನಮ್ಮ ಪುರಸಭೆಯ ದಾಖಲೆ ಕೋಣೆಯಲ್ಲಿ ಕೂತವಳು. ಕಿಟಕಿಯಿಲ್ಲದ ಕೋಣೆ. ಒಂದು ಟ್ಯೂಬ್‌ಲೈಟು, ಮೂರು ಕಪಾಟು, ಯಾರೂ ಕೇಳದ ಕಡತಗಳು. ಹೊರಗೆ ಬಿಸಿಲಿದೆಯೋ ಮಳೆಯಿದೆಯೋ ಎಂಬುದು ಊಟದ ಹೊತ್ತಿಗೆ ಯಾರಾದರೂ ಹೇಳಿದರಷ್ಟೇ ತಿಳಿಯುತ್ತಿತ್ತು. ಅಂಥವಳಿಗೆ ಎರಡು ವರ್ಷದ ಹಿಂದೆ ಮುಂಬಾಗಿಲ ಪಕ್ಕದ ಅಹವಾಲು ಕಿಟಕಿ ಸಿಕ್ಕಿತು. ಎದುರಿಗೆ ಬೀದಿ, ಬೀದಿಯಾಚೆ ಕ್ಷೌರದಂಗಡಿ, ದಿನವಿಡೀ ಜನ. ಇಲ್ಲಿಂದ ನನ್ನನ್ನು ಎಬ್ಬಿಸುವವರು ಕುರ್ಚಿ ಸಮೇತ ಎತ್ತಿಕೊಂಡು ಹೋಗಬೇಕು ಎಂದು ಕೂತ ದಿನವೇ ನಿರ್ಧರಿಸಿದೆ.

ಹಗ್ಗದ ಉಪಾಯ ನನ್ನದೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮೊದಲೆಲ್ಲ ಜನರ ಅಹವಾಲು ಒಂದು ಪೆಟ್ಟಿಗೆಗೆ ಬೀಳುತ್ತಿತ್ತು, ಪೆಟ್ಟಿಗೆಯಿಂದ ಕಡತಕ್ಕೆ, ಕಡತದಿಂದ ನಾನಿದ್ದ ಕೋಣೆಗೆ. ಅಲ್ಲಿ ಅದರ ಗತಿ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗಾಗಿ ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದೆ. ಬಂದ ಅಹವಾಲನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕ್ಲಿಪ್ಪು ಹಾಕಿ ತೂಗುಬಿಡುವುದು. ನಿಯಮ ಒಂದೇ: ಚೀಟಿ ಇಳಿಸುವ ಹಕ್ಕು ಅಹವಾಲು ಕೊಟ್ಟವರಿಗೆ ಮಾತ್ರ. ಎಂಜಿನಿಯರ್ ಮುಟ್ಟುವಂತಿಲ್ಲ, ಸಾಹೇಬರು ಮುಟ್ಟುವಂತಿಲ್ಲ, ನಾನಂತೂ ಮುಟ್ಟಲೇಬಾರದು. ಕೆಲಸ ಆಗಿದೆ ಎಂದು ಅವರಿಗೇ ಒಪ್ಪಿಗೆಯಾದರೆ ಅವರೇ ಬಂದು ತೆಗೆದುಕೊಂಡು ಹೋಗುತ್ತಾರೆ. ಮಂಗಳವಾರ ಹನ್ನೊಂದು ಗಂಟೆ ಹಗ್ಗ ನೋಡುವ ಹೊತ್ತು ಎಂದು ಊರೇ ರೂಢಿ ಮಾಡಿಕೊಂಡಿತು.

ತನ್ನ ಸೋಮಾರಿತನ ಎಲ್ಲರ ಕಣ್ಣೆದುರು ತೂಗುತ್ತಿರುವಾಗ ಅದರಡಿ ತಲೆ ಬಗ್ಗಿಸಿಕೊಂಡು ಒಳಗೆ ಹೋಗುವುದು ಯಾರಿಗೂ ಹಿತವಲ್ಲ. ತಿಂಗಳುಗಟ್ಟಲೆ ಎಳೆಯುತ್ತಿದ್ದ ಕೆಲಸ ವಾರದಲ್ಲಿ ಮುಗಿಯತೊಡಗಿತು.

ಒಂದು ಚೀಟಿ ಮಾತ್ರ ನಾಲ್ಕು ತಿಂಗಳಿಂದ ಜಾಗ ಬಿಟ್ಟಿರಲಿಲ್ಲ. ಆಗ ಹಗ್ಗದ ಮೇಲಿದ್ದವುಗಳಲ್ಲಿ ಅದೇ ಹಳೆಯದು, ಸಾಲಿನ ಮೊದಲನೆಯದು, ಬಿಸಿಲಿಗೆ ಹಳದಿಗಟ್ಟಿತ್ತು. ‘ಮನೆ ಮುಂದಿನ ಚರಂಡಿ ಚಪ್ಪಡಿ ಅಲ್ಲಾಡುತ್ತದೆ.’ ಅಹವಾಲು ಕೊಟ್ಟವರು ನನ್ನ ಅತ್ತೆ, ನನ್ನ ಗಂಡನ ತಾಯಿ. ಎಂಜಿನಿಯರ್ ಎರಡು ಸಲ ಸರಿ ಮಾಡಿಸಿದರು. ಎರಡು ಸಲವೂ ಅತ್ತೆ ಚಪ್ಪಡಿಯ ಮೇಲೆ ಒಂಟಿ ಕಾಲಲ್ಲಿ ನಿಂತು, ಕಣ್ಣು ಮುಚ್ಚಿ, “ಇನ್ನೂ ಲಟಕ್ ಅಂತಿದೆ” ಎಂದುಬಿಟ್ಟರು. ಮನೆಯಲ್ಲಿ ಈ ವಿಷಯ ಎತ್ತುವುದಿಲ್ಲ. ಮಂಗಳವಾರ ಛತ್ರಿ ಹಿಡಿದು ಬಂದು ಎಲ್ಲರಂತೆ ಸಾಲಲ್ಲಿ ನಿಲ್ಲುತ್ತಾರೆ. ಬೆಳಿಗ್ಗೆ ತಾನೇ ನನ್ನ ಊಟದ ಡಬ್ಬಿಗೆ ಮುಚ್ಚಳ ಹಾಕಿಕೊಟ್ಟವರು, ಕಿಟಕಿಗೆ ಬಂದಾಗ ಗುರುತೇ ಇಲ್ಲದವರಂತೆ “ನಂದೇನಾಯ್ತು ಮೇಡಂ?” ಎಂದು ಕೇಳುತ್ತಾರೆ.

ಆರು ತಿಂಗಳ ಹಿಂದೆ ಹೊಸ ಸಾಹೇಬರು ಬಂದರು. ಪ್ರತಿ ಮಾತಿನ ತುದಿಗೂ ‘ಆಯ್ತಾ’ ಅಂಟಿಸುವುದರಿಂದ ನಮಗೆಲ್ಲ ಅವರು ಆಯ್ತಾ ಸಾಹೇಬರು. ಕೆಟ್ಟವರಲ್ಲ, ಅಚ್ಚುಕಟ್ಟಿನ ಹುಚ್ಚು ಅಷ್ಟೆ. ಹಗ್ಗ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಆದರೆ ಸ್ಥಳೀಯ ಆಡಳಿತದಲ್ಲಿ ಹೊಸತನ ತಂದವರಿಗೆ ಪ್ರಶಸ್ತಿ ಎಂಬ ಸುತ್ತೋಲೆ ಬಂದಾಗ, ಕಚೇರಿಯಲ್ಲಿ ಹಗ್ಗದ ಹೊರತು ಬೇರೆ ಹೊಸತೇನೂ ಸಿಗಲಿಲ್ಲ. ಅರ್ಜಿ ಹಾಕಿ ನನ್ನನ್ನು ಕರೆದರು.

“ಪ್ರಶಸ್ತಿ ಬಂದ್ರೆ ಹಗ್ಗವೂ ಇರುತ್ತೆ, ನೀವೂ ಇರ್ತೀರಿ. ಬರದಿದ್ರೆ ಹಗ್ಗ ಬಿಚ್ಚಿ ಅಲ್ಲೊಂದು ಅಹವಾಲು ತಗೊಳ್ಳೋ ಮಶಿನ್ ಇಡಿಸ್ತೀನಿ. ದಾಖಲೆ ಕೋಣೆ ನಿಮಗೆ ಹೊಸದಲ್ವಲ್ಲ. ಆಯ್ತಾ?”

ಆಗಲಿಲ್ಲ. ಆ ಟ್ಯೂಬ್‌ಲೈಟು ಕಣ್ಣ ಮುಂದೆ ಬಂತು. ಆದರೂ ತಲೆಯಾಡಿಸಿ ಬಂದೆ.

ಒಂದು ಸೋಮವಾರ ಸಂಜೆ ನಾಲ್ಕಕ್ಕೆ ಫೋನ್ ಬಂತು, ಪರಿಶೀಲನಾ ಸಮಿತಿ ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತದೆ ಎಂದು. ಸಾಹೇಬರು ನನ್ನ ಕಿಟಕಿಗೆ ಓಡಿ ಬಂದರು. ಅರ್ಜಿಯಲ್ಲಿ ‘ಬಾಕಿ ಇರುವ ಅಹವಾಲುಗಳು’ ಎಂಬ ಜಾಗದಲ್ಲಿ ಅವರು ಸೊನ್ನೆ ಬರೆದಿದ್ದರಂತೆ. ಹಗ್ಗದ ಮೇಲೆ ಇಪ್ಪತ್ಮೂರು ಚೀಟಿ ಓಲಾಡುತ್ತಿದ್ದವು.

“ನಾನು ಮುಟ್ಟೋ ಹಾಗಿಲ್ಲ, ನಿಮ್ಮದೇ ನಿಯಮ” ಎಂದರು. “ಏನು ಮಾಡ್ತೀರೋ ನಿಮಗೆ ಬಿಟ್ಟಿದ್ದು. ಆಯ್ತಾ?”

ಲೆಕ್ಕ ಹಾಕಿದೆ. ಸಮಿತಿ ಹತ್ತಕ್ಕೆ ಬಂದು ಮುಕ್ಕಾಲು ಗಂಟೆಯಲ್ಲಿ ಹೊರಡುತ್ತದೆ. ಜನ ಬರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಮತ್ತೆ ತೂಗುಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಐದೂವರೆಗೆ ಎಲ್ಲರೂ ಹೋದ ಮೇಲೆ ನನ್ನ ಕೈಯಾರೆ ಇಪ್ಪತ್ಮೂರೂ ಬಿಚ್ಚಿ ಮೇಜಿನ ಖಾನೆಗೆ ತುರುಕಿದೆ. ಅತ್ತೆಯ ಚೀಟಿ ಬಿಚ್ಚುವಾಗ ಕೈ ಸ್ವಲ್ಪ ತಡೆಯಿತು. ಸ್ವಲ್ಪವೇ.

ಮನೆಗೆ ಹೋದರೆ ಅತ್ತೆ ನನ್ನ ಮುಖ ನೋಡಿ, “ಏನಮ್ಮಾ, ಮೈ ಹುಷಾರಿಲ್ವಾ?” ಎಂದರು. “ಕೆಲಸ ಜಾಸ್ತಿ ಅತ್ತೆ” ಎಂದು ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ.

ಸಮಿತಿಯ ಕಾರು ದಾರಿಯಲ್ಲಿ ಪಂಕ್ಚರ್ ಆಯಿತು. ಹತ್ತಾಯಿತು, ಹತ್ತೂವರೆಯಾಯಿತು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಬಂದು ಇಳಿದರು. ದಪ್ಪ ಕನ್ನಡಕದ ಹಿರಿಯ ಹೆಂಗಸೊಬ್ಬರು ಅಧ್ಯಕ್ಷೆ, ಜೊತೆಗೆ ಬರೆದುಕೊಳ್ಳಲು ಒಬ್ಬ ಗುಮಾಸ್ತರು. ಅಧ್ಯಕ್ಷೆ ಖಾಲಿ ಹಗ್ಗವನ್ನು ಬಹಳ ಹೊತ್ತು ನೋಡಿದರು. ಕ್ಲಿಪ್ಪುಗಳು ಮಾತ್ರ ತಂತಿಯ ಮೇಲಿನ ಗುಬ್ಬಿಗಳ ಹಾಗೆ ಕೂತಿದ್ದವು.

“ಒಂದೂ ಬಾಕಿ ಇಲ್ವಾ?”

“ಒಂದೇ ಒಂದೂ ಇಲ್ಲ ಮೇಡಂ. ಆಯ್ತಾ?” ಎಂದ ಸಾಹೇಬರು ನಾಲಿಗೆ ಕಚ್ಚಿಕೊಂಡರು.

ಆಗಲೇ ಮೆಟ್ಟಿಲ ಮೇಲೆ ಛತ್ರಿಯ ತುದಿ ಟಕ್ ಟಕ್ ಎಂದಿತು. ಅತ್ತೆ. ಅವರ ಹಿಂದೆ ಕ್ಷೌರದಂಗಡಿಯವನು, ದರ್ಜಿ, ಹೂವಿನ ಕುಂಡ ಮಾರುವಾಕೆ, ಮಂಗಳವಾರದ ಇಡೀ ದಂಡು. ಅತ್ತೆ ಹಗ್ಗದ ಮೊದಲ ಕ್ಲಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಕಿಟಕಿಗೆ ಬಂದರು.

“ಮೇಡಂ, ನನ್ನ ಚೀಟಿ ಕಾಣ್ತಿಲ್ಲ. ಚಪ್ಪಡಿ ಸರಿಯಾಯ್ತೇನೋ ಅಂದ್ಕೊಳ್ಳೋಣ ಅಂದ್ರೆ, ಈಗ ಅದರ ಮೇಲೆ ನಿಂತು ನೋಡೇ ಬಂದಿದ್ದೀನಿ.”

“ರಾತ್ರಿ ಗಾಳಿ ಜೋರಿತ್ತು, ಗಾಳಿಗೆ ಹಾರಿ...” ಎಂದು ಸಾಹೇಬರು ಶುರುಮಾಡಿದರು.

“ಕ್ಲಿಪ್ಪು ಬಿಟ್ಟು ಚೀಟಿ ಮಾತ್ರ ಹಾರಿಸೋ ಗಾಳಿನಾ?” ಎಂದ ಕ್ಷೌರದಂಗಡಿಯವನು.

ಅಧ್ಯಕ್ಷೆ ನನ್ನ ಕಡೆ ತಿರುಗಿದರು. “ನೀವು ಹೇಳಿ. ಯಾರು ತೆಗೆದಿದ್ದು?”

ಗಾಳಿ ಎಂದು ನಾನೂ ಹೇಳಬಹುದಿತ್ತು. ಕಿಟಕಿಯಾಚೆ ಬೀದಿಯಲ್ಲಿ ಚೆಂದದ ಬಿಸಿಲಿತ್ತು, ಆ ಬಿಸಿಲು ನನಗೆ ಬೇಕಿತ್ತು. ಆದರೆ ಕಿಟಕಿ ತುಂಬ ಅತ್ತೆಯ ಮುಖ. ಸಿಟ್ಟಿರಲಿಲ್ಲ ಅದರಲ್ಲಿ. ಎರಡು ವರ್ಷದಿಂದ ಆ ಹಗ್ಗವನ್ನು ನಂಬಿದ ಮುಖ ಅದು. ನನಗೆ ತಡೆಯಲಾಗದಷ್ಟು ನಾಚಿಕೆಯಾಯಿತು.

“ನಾನೇ ತೆಗೆದೆ” ಎಂದೆ. “ನಿನ್ನೆ ಸಂಜೆ. ಇಪ್ಪತ್ಮೂರು ಬಾಕಿ ಇವೆ ಮೇಡಂ. ನಿಮಗೆ ಕಾಣಬಾರದು ಅಂತ ತೆಗೆದೆ. ಈ ಜಾಗ ಬಿಟ್ಟು ಹೋಗೋಕೆ ನನಗೆ ಮನಸ್ಸಿರಲಿಲ್ಲ.”

ಖಾನೆ ಎಳೆದು ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ಎಲ್ಲ ಕಲಸಿಹೋಗಿದ್ದವು, ಅರ್ಧಕ್ಕರ್ಧ ಮಡಚಿಹೋಗಿದ್ದವು. ಸಾಹೇಬರು ಗೋಡೆಯ ಗಡಿಯಾರ ನೋಡುತ್ತ ನಿಂತರು.

ಅತ್ತೆ ಕಿಟಕಿಯೊಳಗೆ ಕೈ ಹಾಕಿ ತಮ್ಮ ಹಳದಿ ಚೀಟಿ ಹುಡುಕಿಕೊಂಡರು. ಮಡಿಕೆಯನ್ನು ಅಂಗೈಯಲ್ಲಿ ಉಜ್ಜಿ ನೆಟ್ಟಗೆ ಮಾಡಿದರು. ಹೋಗಿ ಮೊದಲ ಕ್ಲಿಪ್ಪಿಗೆ ಸಿಕ್ಕಿಸಿ, ಹಿಂತಿರುಗಿ ಜನರಿಗೆ ಹೇಳಿದರು: “ನಿಂತ್ಕೊಂಡು ಏನ್ ನೋಡ್ತೀರಿ? ಅವರವರದು ಅವರವರು ಹಾಕ್ಕೊಳ್ಳಿ.”

ಅಷ್ಟು ಸಾಕಾಯಿತು. ಎಲ್ಲರೂ ಮುಗಿಬಿದ್ದರು.

“ನಂದು ಎರಡನೇದು.”

“ನಿಂದು ಹೆಂಗೆ ಎರಡನೇದು? ನಾನು ಬೀದಿದೀಪ ಬರೆಸಿದ ಮೇಲಲ್ವಾ ನೀನು ನಲ್ಲಿ ಬರೆಸಿದ್ದು?” ದರ್ಜಿ ಕ್ಷೌರದವನ ಚೀಟಿಯನ್ನು ಒಂದು ಮನೆ ಹಿಂದಕ್ಕೆ ದೂಡಿದ.

“ಇದು ಹಾಲಿನವನದು, ಅವನು ಇವತ್ತು ಬಂದಿಲ್ಲ” ಎಂದ ಕುಂಡದಾಕೆ, “ನನ್ನದಾದ ಮೇಲೆ ಅವನದು, ಜಾಗ ಬಿಡಿ” ಎಂದು ಅವನ ಪರವಾಗಿ ಜಗಳ ಕಾದು ಹಾಕಿದಳು.

ಹತ್ತು ನಿಮಿಷದಲ್ಲಿ ಇಪ್ಪತ್ಮೂರು ಚೀಟಿಯೂ ಹಗ್ಗದ ಮೇಲಿದ್ದವು. ನಾನು ನನ್ನ ನೋಂದಣಿ ಪುಸ್ತಕ ತೆಗೆದು ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ.

ಅಧ್ಯಕ್ಷೆ ಪುಸ್ತಕವನ್ನೂ ಹಗ್ಗವನ್ನೂ ಎರಡು ಸಲ ನೋಡಿದರು. ಆಮೇಲೆ ಅರ್ಜಿ ತೆಗೆದು, ಸಾಹೇಬರದೇ ಪೆನ್ನು ಕೇಳಿ ಪಡೆದು, ಸೊನ್ನೆ ಹೊಡೆದುಹಾಕಿ ಇಪ್ಪತ್ಮೂರು ಎಂದು ಬರೆದರು.

“ಇಲ್ಲೊಂದು ಸಹಿ ಹಾಕಿ” ಎಂದರು. “ಆಯ್ತಾ?”

ಸಾಹೇಬರು ಸಹಿ ಹಾಕಿದರು. ಗುಮಾಸ್ತರು ಮುಖಕ್ಕೆ ಪುಸ್ತಕ ಅಡ್ಡ ಹಿಡಿದುಕೊಂಡರು.

ಆ ದಿನ ಮನೆಯಲ್ಲಿ ಅತ್ತೆ ಎಂದಿನಂತೆ ಊಟಕ್ಕೆ ಬಡಿಸಿದರು. ಕಚೇರಿಯ ವಿಷಯ ಕಚೇರಿಗೇ ಮುಗಿಯಿತು. ನಾನು ಮಾತ್ರ ದಾಖಲೆ ಕೋಣೆಗೆಂದು ಒಂದು ಹಳೆಯ ಸ್ವೆಟರ್ ಹುಡುಕಿ ಚೀಲದಲ್ಲಿಟ್ಟುಕೊಂಡೆ. ಅಲ್ಲಿ ಚಳಿ ಜಾಸ್ತಿ.

ಸ್ವೆಟರ್ ಬೇಕಾಗಲಿಲ್ಲ. ಮೂರು ವಾರಕ್ಕೆ ಪತ್ರ ಬಂತು: ಎರಡನೇ ಬಹುಮಾನ. ಕಾರಣದ ಜಾಗದಲ್ಲಿ ‘ಈ ಊರಿನ ಜನ ತಮ್ಮ ಕಚೇರಿಯನ್ನು ತಾವೇ ಕಾಯುತ್ತಾರೆ’ ಎಂದು ಬರೆದಿತ್ತು. ಓದುವಾಗ ನನಗೆ ಕಣ್ಣು ತುಂಬಿ ಬಂತು, ಕನ್ನಡಕ ಒರೆಸುವವಳಂತೆ ನಟಿಸಿದೆ. ಸಾಹೇಬರು ಬಂದು, “ನಿಮ್ಮ ಕುರ್ಚಿ ಅಲ್ಲೇ ಇರಲಿ” ಎಂದರು. ಎಷ್ಟು ಕಾದರೂ ‘ಆಯ್ತಾ’ ಬರಲಿಲ್ಲ.

ಹಿತ್ತಾಳೆಯ ಫಲಕವನ್ನು ನನ್ನ ಕಿಟಕಿಯ ಮೇಲೆ ಮೊಳೆ ಹೊಡೆದು ತೂಗುಹಾಕಿದರು. ಆ ವಾರವೇ ಎಂಜಿನಿಯರ್ ಮೂರನೇ ಸಲ ಚಪ್ಪಡಿ ಕೂರಿಸಿದರು, ಈ ಬಾರಿ ಅತ್ತೆಯನ್ನು ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿಕೊಂಡು. ಮಂಗಳವಾರ ಅತ್ತೆ ಬಂದು ತಮ್ಮ ಹಳದಿ ಚೀಟಿ ತೆಗೆದು ಮಡಿಸಿ ಪರ್ಸಿನಲ್ಲಿಟ್ಟರು. ಪಡಸಾಲೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಸಂತೋಷಕ್ಕೆ ಮೇರೆಯಿರಲಿಲ್ಲ.

ಅತ್ತೆ ಹೊರಡಲಿಲ್ಲ. ಕತ್ತೆತ್ತಿ ಫಲಕ ನೋಡಿದರು, ತಲೆ ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಕಿಟಕಿಗೆ ಬಂದು, “ಒಂದು ಚೀಟಿ ಕೊಡಿ ಮೇಡಂ” ಎಂದರು.

ಬರೆದು ಹಗ್ಗದ ಕೊನೆಗೆ ಸಿಕ್ಕಿಸಿದರು. ‘ಪ್ರಶಸ್ತಿ ಫಲಕ ಸೊಟ್ಟಗಿದೆ.’

ನಾನು ತಕ್ಷಣ ಕುರ್ಚಿ ಹತ್ತಿ ಫಲಕ ನೆಟ್ಟಗೆ ಮಾಡಿದೆ. “ಆಯ್ತಲ್ಲ ಅತ್ತೆ, ಚೀಟಿ ತೆಗೀರಿ” ಎಂದೆ.

“ಮುಂದಿನ ಮಂಗಳವಾರ ಬಂದು ನೋಡ್ತೀನಿ” ಎಂದು ಅತ್ತೆ ಛತ್ರಿ ಬಿಚ್ಚಿಕೊಂಡು ಮೆಟ್ಟಿಲಿಳಿದರು.

ಇವತ್ತು ಶುಕ್ರವಾರ. ಫಲಕ ನೆಟ್ಟಗಿದೆ, ದಿನಕ್ಕೆ ನಾಲ್ಕು ಸಲ ನೋಡುತ್ತೇನೆ. ಚೀಟಿಯೂ ಅಲ್ಲೇ ಇದೆ. ನಾನು ಮುಟ್ಟಿಲ್ಲ.