ಎರಡೂ ಎಡತೋಳು

ಟೈಲರಣ್ಣನ ಮಗಳಿಗೆ ರೈಲಿನಲ್ಲಿ ಟಿಕೆಟ್ ತಪಾಸಣೆಯ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳ ಒಂದನೇ ತಾರೀಕು ಹಾಜರಾಗಬೇಕು. "ಅವಳ ಕರಿ ಕೋಟು ನನ್ನ ಕೈಯಲ್ಲೇ ಆಗ್ಬೇಕು" ಎಂದು ಟೈಲರಣ್ಣ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದ. ಹೇಳಿದ್ದೇನೋ ಸರಿ. ಕೋಟು ಹೊಲಿದು ನೋಡಿದರೆ ಎರಡೂ ಎಡತೋಳು!

ಒಂದು ತೋಳು ಕತ್ತರಿಸಿದ ಮೇಲೆ ಬಟ್ಟೆ ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಅದು ಕತ್ತರಿ ಹಿಡಿದವರ ಮೊದಲ ದಿನದ ಪಾಠ. ಮೂವತ್ತು ವರ್ಷ ಹೊಲಿದವನು ಅದನ್ನೇ ಮರೆತಿದ್ದ.

"ಅಪ್ಪಾ, ನನ್ನ ಬಲಗೈ ಏನು ಪಾಪ ಮಾಡಿತ್ತು?" ಎಂದು ಮಗಳು ಬಿದ್ದು ಬಿದ್ದು ನಕ್ಕಳು. ಟೈಲರಣ್ಣನಿಗೆ ನಗು ಬರಲಿಲ್ಲ. ಬೆಳಿಗ್ಗೆಯಿಂದ ತಲೆ ಗಿರ್ರೆನ್ನುತ್ತಿತ್ತು, ಕಣ್ಣು ಮಂಜಾಗಿತ್ತು. ಈ ಕೈಯೇ ಕೈಕೊಟ್ಟರೆ ಗತಿಯೇನು ಎಂದು ಒಳಗೊಳಗೇ ಹೆದರಿದ.

ಅಷ್ಟರಲ್ಲಿ ಎದುರುಮನೆಯ ನರ್ಸಮ್ಮ ಗುಂಡಿ ಹಾಕಿಸಲು ಬಂದಳು. ಅವನ ಮುಖ ನೋಡಿದವಳೇ ಚೀಲದಿಂದ ಬಿಪಿ ಯಂತ್ರ ತೆಗೆದು ತೋಳಿಗೆ ಪಟ್ಟಿ ಸುತ್ತಿದಳು.

"ಅಣ್ಣಾ, ಬಿಪಿ ತುಂಬಾ ಏರಿದೆ. ಮಾತ್ರೆ ತಗೊಳ್ತಿಲ್ವಾ?"

"ಒಂದು ದಿನಾನೂ ತಪ್ಪಿಸಿಲ್ಲ ತಂಗಿ."

ಹೆಂಡತಿ ಗುಂಡಿ ಡಬ್ಬಿ ತಂದು ಮೇಜಿನ ಮೇಲೆ ಸುರಿದಳು. ಗುಂಡಿಗಳ ನಡುವೆ ಅರ್ಧರ್ಧ ಮಾತ್ರೆಗಳು. ಹೊಲಿಗೆ ಬಿಚ್ಚುವ ಬ್ಲೇಡಿನಿಂದ ನೂಲು ಹಿಡಿದಂತೆ ಕೊಯ್ದಿದ್ದ.

"ಬಟ್ಟೆ ಉಳಿಸೋ ಹಾಗೆ ಮಾತ್ರೆನೂ ಉಳಿಸ್ತಿದ್ದಾರೆ, ನೋಡಮ್ಮ" ಅಂದಳು.

"ಅದರ ಬೆಲೆ ಕೇಳಿದ್ರೇ ಬಿಪಿ ಏರುತ್ತೆ" ಎಂದು ಅವನು ಗೊಣಗಿದ.

"ಅರ್ಧ ಮಾತ್ರೆ ಅಂದ್ರೆ ಅರ್ಧ ಔಷಧ ಅಣ್ಣಾ. ಅದೂ ಅಲ್ದೆ ಇದು ಇಡೀ ದಿನ ನಿಧಾನಕ್ಕೆ ಕರಗೋ ಮಾತ್ರೆ, ಮುರೀಲೇಬಾರದು. ಕಷ್ಟ ಅಂತ ಡಾಕ್ಟರಿಗೆ ಹೇಳಿದ್ರಾ?"

"ಅವರ ಮುಂದೆ ಹೇಗೆ ಬಾಯಿ ಬಿಡೋದು? ಮರ್ಯಾದೆ ಪ್ರಶ್ನೆ."

"ಇದೇ ಔಷಧ ಕಡಿಮೆ ಬೆಲೆಗೂ ಸಿಗುತ್ತೆ. ದೊಡ್ಡ ಕಂಪನಿಯ ಹೆಸರಿರಲ್ಲ ಅಷ್ಟೆ, ಜೆನೆರಿಕ್ ಅಂತಾರೆ."

"ಅಗ್ಗದ್ದರಲ್ಲಿ ಏನು ಕಸುವಿರುತ್ತೆ? ನನಗೆ ಹೇಳಿಕೊಡ್ಬೇಡ."

ನರ್ಸಮ್ಮ ಸುತ್ತ ಕಣ್ಣಾಡಿಸಿದಳು. ಕಪಾಟಿನಲ್ಲಿ ನೀಲಿ ಅಂಗಿಗಳ ಎರಡು ರಾಶಿ ಇತ್ತು. "ಈ ಎರಡಕ್ಕೂ ಏನಣ್ಣಾ ವ್ಯತ್ಯಾಸ?"

"ಏನೂ ಇಲ್ಲ. ಅದೇ ಬಟ್ಟೆ, ಅದೇ ದಾರ, ಅದೇ ನನ್ನ ಕೈ. ಆ ರಾಶಿಗೆ ದೊಡ್ಡ ಅಂಗಡಿಯ ಲೇಬಲ್ ಹಾಕ್ತೀನಿ, ಅವರು ಮೂರು ಪಟ್ಟು ಬೆಲೆಗೆ ಮಾರ್ತಾರೆ. ಜನ ಲೇಬಲ್ ನೋಡ್ಕೊಂಡು..." ಮಾತು ಅಲ್ಲೇ ನಿಂತಿತು.

"ಹೇಳಿ, ಹೇಳಿ, ಯಾಕೆ ನಿಲ್ಲಿಸಿದ್ರಿ?" ಅಂದಳು ಹೆಂಡತಿ. ಈ ಸಲ ಅವನೂ ನಕ್ಕ.

ಅವತ್ತೇ ಡಾಕ್ಟರ ಹತ್ತಿರ ಹೋಗಿ, ಮಾತ್ರೆಯ ಬೆಲೆ ಕಷ್ಟವಾಗುತ್ತಿದೆ ಎಂದು ಹೇಳಿಯೇಬಿಟ್ಟ. "ಇದನ್ನ ಮೊದಲೇ ಹೇಳೋದಲ್ವಾ?" ಎಂದು ಡಾಕ್ಟರು ಕಂಪನಿಯ ಹೆಸರಿನ ಬದಲು ಔಷಧದ ಹೆಸರು ಬರೆದರು. ಹಿಂದೆಂದೋ ಬರೆದಿದ್ದ ಹೊಟ್ಟೆ ಉರಿಯ ಮಾತ್ರೆ ಇನ್ನು ಬೇಡವೆಂದು ಚೀಟಿಯಿಂದ ಹೊಡೆದುಹಾಕಿದರು. ಔಷಧಿ ಅಂಗಡಿಯವನು ಅದೇ ಔಷಧ, ಅದೇ ಪ್ರಮಾಣ ಕೊಟ್ಟ. ಬೆಲೆ ಮಾತ್ರ ಮೂರರಲ್ಲಿ ಒಂದು ಪಾಲು.

ಮೂರು ವಾರ ಇಡೀ ಮಾತ್ರೆ ನುಂಗಿದ ಮೇಲೆ ನರ್ಸಮ್ಮ ಮತ್ತೆ ಪಟ್ಟಿ ಸುತ್ತಿ ನೋಡಿ, "ಈಗ ಸರಿಯಾಗಿದೆ ಅಣ್ಣಾ" ಅಂದಳು. ಆಮೇಲೆ ಅವನು ಉಳಿದ ಬಟ್ಟೆಯಲ್ಲಿ ಒಂದು ಬಲತೋಳು ಕತ್ತರಿಸಿದ. ಒಂದನೇ ತಾರೀಕು ಮಗಳು ಕೋಟು ತೊಟ್ಟು, ಬೀದಿಯ ತಿರುವಿನಲ್ಲಿ ನಿಂತು, ಬೇಕೆಂದೇ ಬಲಗೈ ಎತ್ತಿ ಬೀಸಿದಳು. ಟೈಲರಣ್ಣನ ಕಣ್ಣು ತುಂಬಿಬಂತು.

ಅಕ್ಕಾ, ಅಣ್ಣಾ, ನಿಮ್ಮ ಮನೆಯ ಯಾವುದಾದರೂ ಡಬ್ಬಿಯಲ್ಲಿ ಅರ್ಧ ಮಾತ್ರೆ ಅಡಗಿದೆಯೇ? ಅದನ್ನು ಹಿಡಿದುಕೊಂಡು ಇವತ್ತೇ ಡಾಕ್ಟರ ಹತ್ತಿರ ಹೋಗಿ. ಇದೇ ಔಷಧ ಕಡಿಮೆ ಬೆಲೆಗೆ ಇದೆಯಾ, ಬರೆದದ್ದೆಲ್ಲ ಈಗಲೂ ಬೇಕಾ ಎಂದು ಬಾಯಿಬಿಟ್ಟು ಕೇಳಿ. ನೀವಾಗಿಯೇ ಮುರಿಯಬೇಡಿ, ನಿಲ್ಲಿಸಬೇಡಿ, ಬದಲಿಸಬೇಡಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ಕೇಳದಿದ್ದರೆ ಏನಾಗುತ್ತದೆ ಎಂದು ಟೈಲರಣ್ಣನೇ ಹೇಳುತ್ತಾನೆ. ಹೆಚ್ಚಾದ ಆ ಎಡತೋಳು ಅವನ ಅಂಗಡಿಯ ಗೋಡೆಯಲ್ಲಿ ಇನ್ನೂ ನೇತಾಡುತ್ತಿದೆ.