ಪೈಪ್ ನೋಡಲು ಬಂದವರು

ಬೀಗದಕೈಗಳ ಸದ್ದು, ಮೊದಲ ಮಹಡಿ ದಾಟಿತು, ಈಗ ತಿರುವಿನಲ್ಲಿದೆ, ಇನ್ನು ಹನ್ನೊಂದು ಮೆಟ್ಟಿಲು — ಎಣಿಸುವ ಚಟ ನನಗೂ ಬಂದುಬಿಟ್ಟಿದೆ, ಅಮ್ಮನ ಜೊತೆ ಇದ್ದೂ ಇದ್ದೂ ಅಂಟಿಕೊಂಡದ್ದು. ಬ್ರೋಕರನ ಸೊಂಟದಲ್ಲಿ ಊರಿನ ಅರ್ಧ ಮನೆಗಳ ಬೀಗದಕೈ ನೇತಾಡುತ್ತವೆ, ಅದಕ್ಕೇ ಅವನಿಗೆ ಗೊಂಚಲು ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲೇ, ಬಾಯಿಬಿಟ್ಟು ಕರೆದರೆ ಖುಷಿಪಟ್ಟಾನು, ಅಂಥ ಆಸಾಮಿ. ನಾಲ್ಕು ಗಂಟೆಗೆ ಅಂದಿದ್ದ, ಅದಕ್ಕೇ ಅರ್ಧ ದಿನ ರಜೆ ಹಾಕಿ ಬಂದಿದ್ದೇನೆ, ಈಗ ಮೂರೂಕಾಲು, ಹೇಳಿದ ಹೊತ್ತಿಗೆ ಬಂದರೆ ಇವನ ಗಂಟೇನು ಹೋಗುತ್ತದೋ. ಸಿಂಕಿನಲ್ಲಿ ಎರಡು ಲೋಟ ಹಾಗೇ ಇವೆ, ಹೊಲಿಗೆ ಮಷೀನಿನ ಮೇಲೆ ಉದ್ದ ಕಡಿಮೆ ಮಾಡಬೇಕಾದ ಏಳು ಪ್ಯಾಂಟು, ನನ್ನ ತಲೆಯ ಮೇಲೆ ದಾರದ ಎಳೆ ಬೇರೆ, ಇರಲಿ ಬಿಡು, ನೋಡಿಕೊಳ್ಳಲಿ, ಮನುಷ್ಯರು ಬಾಳುತ್ತಿರುವ ಮನೆ ಇದು, ಇನ್ನೂ ಇಪ್ಪತ್ತೆರಡು ದಿನ ನಮ್ಮದೇ. ಯಾರೇ ಅದು, ಒಳಕೋಣೆಯಿಂದ ಅಮ್ಮ, ಅವಳ ಕಿವಿಗೆ ನನಗಿಂತ ಮೊದಲೇ ಬಿದ್ದಿರುತ್ತದೆ, ಸುಮ್ಮನೆ ಕೇಳುತ್ತಾಳೆ. ಪೈಪಿನವರಮ್ಮ. ಮತ್ತೆ ಪೈಪಾ? ಹೂಂ, ಮತ್ತೆ ಪೈಪು. ಇದು ಐದನೇ ಸಲ ಕಣೇ, ಅದೇನು ಬಂದಿದೆಯೋ ಆ ಪೈಪಿಗೆ ದೊಡ್ಡ ರೋಗ, ಬಂದವರೆಲ್ಲ ನೋಡಿ ಹೋಗ್ತಾರೆ, ಔಷಧಿ ಯಾರೂ ಕೊಡಲ್ಲ. ನಾನು ನಗಬೇಕು, ನಗದಿದ್ದರೆ ಗೊತ್ತಾಗುತ್ತದೆ, ನಕ್ಕೆ, ನಕ್ಕ ಸದ್ದು ನನಗೇ ಹಿಡಿಸಲಿಲ್ಲ.

ಈ ಪೈಪಿನ ಸುಳ್ಳು ನಾನು ಯೋಚಿಸಿ ಹೇಳಿದ್ದಲ್ಲ. ಮನೆ ಖಾಲಿ ಮಾಡಿ ಎಂದು ಮಾಲೀಕರು ಎರಡು ತಿಂಗಳ ಗಡುವು ಕೊಟ್ಟ ಹೊಸದರಲ್ಲೇ ಗೊಂಚಲು ಯಾರನ್ನೋ ಕರೆತಂದು ಬಾಗಿಲು ತಟ್ಟಿದ, ಯಾರೇ ಅಂದಳು ಅಮ್ಮ, ಬಾಯಿಗೆ ಬಂದದ್ದು ಪೈಪು, ಒಂದು ಸಲ ಪೈಪು ಅಂದಮೇಲೆ ಮುಗಿಯಿತು, ಪೈಪೇ. ಹೇಗೆ ಹೇಳಲಿ ಅವಳಿಗೆ, ಈ ಮನೆಗೆ ಬಂದು ಒಂಬತ್ತು ವರ್ಷ, ಕಣ್ಣು ಹೋಗಿ ಎಂಟು, ಒಂದೇ ಒಂದು ವರ್ಷ ಅವಳು ಈ ಮನೆಯನ್ನು ಕಣ್ಣಾರೆ ನೋಡಿದ್ದು, ಈಗಲೂ ಗೋಡೆ ತಿಳಿನೀಲಿ ಅಂದುಕೊಂಡಿದ್ದಾಳೆ, ಅದು ಎಂದೋ ಬೂದುಬಣ್ಣಕ್ಕೆ ತಿರುಗಿದೆ. ಕಣ್ಣೊಳಗಿನ ಒತ್ತಡ ಅಂದರು ಡಾಕ್ಟರು, ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತೆ ಅಂದರು, ಹಾಗೇ ಬಂತು. ಆಮೇಲೆ ಅಮ್ಮ ಗೋಡೆ ಹಿಡಿದಳು. ಮಂಚದಿಂದ ಬಾಗಿಲಿಗೆ ಐದು ಹೆಜ್ಜೆ, ಬಾಗಿಲಿನಿಂದ ಹಾಲಿನ ಮೂಲೆಗೆ ಏಳು, ಅಲ್ಲಿ ಅಂಗೈ ಪೂರ್ತಿ ಊರಿ ತಿರುಗಿದರೆ ಅಡುಗೆಮನೆಗೆ ನಾಲ್ಕು, ಬಚ್ಚಲಿಗೆ ಇನ್ನೂ ಆರು, ಹೋಗುವಾಗ ಬಲಗೈ, ಬರುವಾಗ ಎಡಗೈ, ದಿನಕ್ಕೆ ಹತ್ತು ಸಲ, ಎಂಟು ವರ್ಷ, ಸವರಿ ಸವರಿ ಗೋಡೆಯ ಮೇಲೆ ಗೆರೆ ಬಿದ್ದಿದೆ, ಸೊಂಟದ ಮಟ್ಟಕ್ಕೆ, ನಾಲ್ಕು ಬೆರಳಗಲ, ಕಂದು ಜಿಡ್ಡಿನ ಗೆರೆ, ಮೂಲೆಯಲ್ಲಿ ಕಪ್ಪಗೆ ಹೊಳೆಯುತ್ತದೆ. ನಾನು ಒಂಬತ್ತಕ್ಕೆ ಬಟ್ಟೆ ಅಂಗಡಿಯ ಮೇಲಿನ ಆಲ್ಟರೇಷನ್ ಕೋಣೆಗೆ ಹೋದರೆ ಬರುವುದು ಆರೂವರೆಗೆ, ಅಲ್ಲಿಯವರೆಗೆ ಅವಳೇ ಏಳಬೇಕು, ಅವಳೇ ಬಿಸಿ ಮಾಡಿಕೊಂಡು ಉಣ್ಣಬೇಕು, ಬಚ್ಚಲಿಗೆ ಹೋಗಿ ಬರಬೇಕು, ರೇಡಿಯೊ ಜೊತೆ ಜಗಳವಾಡಬೇಕು, ಎಲ್ಲ ಆ ಗೆರೆಯನ್ನು ನಂಬಿಕೊಂಡು. ಗೆರೆ ಇಲ್ಲದ ಮನೆಯಲ್ಲಿ ಏನು ಮಾಡುತ್ತಾಳೆ?

ಬಾಗಿಲು ತೆರೆದೆ, ಗೊಂಚಲು ಹಲ್ಲುಕಿರಿದ, ಹಿಂದೆ ಗಂಡ ಹೆಂಡತಿ, ಹೊಸದಾಗಿ ಮದುವೆಯಾದವರು, ಇಬ್ಬರ ಮುಖದಲ್ಲೂ ಮನೆ ಹುಡುಕಿ ಸಾಕಾದ ಕಳೆ. ಹೊಸಿಲಲ್ಲೇ ತಡೆದು ಪಿಸುಗುಟ್ಟಿದೆ, ಒಳಗೆ ಬಾಡಿಗೆ, ಖಾಲಿ, ಅಡ್ವಾನ್ಸು, ಈ ಮಾತು ಒಂದೂ ಬೇಡ, ಅಮ್ಮನಿಗೆ ಇನ್ನೂ ಹೇಳಿಲ್ಲ. ಹುಡುಗಿ ತಲೆಯಾಡಿಸಿದಳು, ಅಳತೆಯ ಟೇಪು ಕೈಯಲ್ಲಿತ್ತು, ಒಳ್ಳೆಯದೇ ಆಯಿತು, ಪೈಪಿನವರ ಹತ್ತಿರ ಟೇಪು ಇರಬಹುದು. ಗಂಡ ಚಪ್ಪಲಿ ಬಿಡುವ ಮೊದಲೇ ಫೋನು ಮೇಲಕ್ಕೆ ಹಿಡಿದು ಮೂಲೆ ಮೂಲೆ ಸುತ್ತಿದ, ಸಿಗ್ನಲ್ ಸಿಗುತ್ತದೋ ಇಲ್ಲವೋ, ಇಲ್ಲಿ ಎರಡು ಗೀಟು, ಅಲ್ಲಿ ಮೂರು, ಇವನು ಮನೆಯಲ್ಲಿ ಸಂಸಾರ ಮಾಡುತ್ತಾನೋ ಫೋನಿನಲ್ಲೋ. ಮೂಲೆಗೆ ಬಂದವನು ನಿಂತ. ಇದೇನು ಕಲೆ, ನೀರು ಇಳೀತಿದೆಯಾ? ಇಲ್ಲ ಸಾರ್ ಅಂದ ಗೊಂಚಲು, ಏನಿಲ್ಲ ಅದು, ಕೈ ತಾಗಿ ತಾಗಿ ಆಗಿರೋದು, ಒಂದು ಕೋಟ್ ಬಣ್ಣ ಹೊಡೆದ್ರೆ ಗುರುತೂ ಇರಲ್ಲ. ಗುರುತೂ ಇರಲ್ಲ, ಎಷ್ಟು ಸಲೀಸಾಗಿ ಬಂತು ಅವನ ಬಾಯಲ್ಲಿ, ಅವನ ನಾಲಿಗೆಯ ಮೇಲೆ ಒಂದು ಕೋಟ್ ಹೊಡೆಯಬೇಕು. ಜೇಡ ಬೇರೆ ಕಟ್ಟಿದೆ ಅಂದ ಗಂಡ, ನೋಡಿದರೆ ನಿಜ, ಮೂಲೆಯಲ್ಲಿ, ಗೆರೆಯ ಮೇಲೇ, ಚಿಕ್ಕ ಬಲೆ, ನನ್ನ ಮುಖ ಬಿಸಿಯಾಯಿತು, ಗುಡಿಸುವವಳು ನಾನೇ ತಾನೇ, ಹಿಂದೆಲ್ಲ ಹೀಗಿರಲಿಲ್ಲ, ಈಚೆಗೆ ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಪ್ಯಾಂಟಿನ ತುದಿಯಿಂದ ಬಲೆ ಒರೆಸಿ ತೆಗೆದೆ, ಗಿರಾಕಿಯ ಪ್ಯಾಂಟು, ಇರಲಿ, ಒಗೆದರಾಯಿತು.

ಮನಸ್ಸು ಎಲ್ಲಿಂದ ನಿಲ್ಲಬೇಕು, ಮೂರು ವಾರದಿಂದ ಅಮ್ಮ ಅಲ್ಲಿ ಇಲ್ಲಿ ತಗುಲಿಸಿಕೊಳ್ಳುತ್ತಿದ್ದಾಳೆ. ಮೊದಲು ಮೊಣಕಾಲ ಕೆಳಗೆ ನೀಲಿಗಟ್ಟಿತು, ಏನಮ್ಮ ಇದು ಅಂದರೆ ಮಂಚದ ಕಾಲು ಅಂದಳು, ಅಂದಿನಿಂದ ನಾನು ಮನೆಯಲ್ಲಿದ್ದಾಗ ನಾನೇ ಕೈಹಿಡಿದು ನಡೆಸುತ್ತೇನೆ, ಆಮೇಲೆ ಮೊಣಕೈ, ಕಳೆದ ಶನಿವಾರ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು, ಅದಕ್ಕೂ ಮಂಚದ ಕಾಲಾ ಅಂದೆ, ಮಂಚದ ಕಾಲಿಗೆ ಹಣೆ ತಾಗಬೇಕಾದರೆ ನೀನು ಅದಕ್ಕೆ ನಮಸ್ಕಾರ ಮಾಡುತ್ತಿದ್ದೆಯಾ, ಸುಮ್ಮನಿರೇ ಅಂದಳು, ವಯಸ್ಸಾಯ್ತಲ್ಲ. ಫೋನಿನಲ್ಲಿ ಅಣ್ಣನಿಗೆ ಹೇಳಿಬಿಟ್ಟೆ, ಹೇಳಬಾರದಿತ್ತು. ಎಂಟು ವರ್ಷದಿಂದ ಗೊತ್ತಿರೋ ಮನೇಲೇ ಹೀಗಾದ್ರೆ ಹೊಸ ಮನೇಲಿ ಗತಿ ಏನು ಅಂತ ಯೋಚನೆ ಮಾಡು ಅಂದ, ನಿನಗಿಂತ ಹೆಚ್ಚು ಯೋಚನೆ ಮಾಡಿದ್ದೇನೆ ಅಂದೆ. ಅಣ್ಣ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದು ಫೋನು ಕುಕ್ಕಬಹುದಿತ್ತು. ವೃದ್ಧಾಶ್ರಮದ ಅರ್ಜಿ ಅವನೇ ತಂದುಕೊಟ್ಟು ಹೋದ, ಒಂದೇ ಹಾಸಿಗೆ ಖಾಲಿ ಇದೆಯಂತೆ, ಇವತ್ತು ಸಂಜೆ ಏಳಕ್ಕೆ ಫೋನ್ ಮಾಡುತ್ತಾನಂತೆ, ಹೂಂ ಅಥವಾ ಊಹೂಂ. ನಾನು ಊಹೂಂ ಅನ್ನಬೇಕೆಂದೇ ಇದ್ದೆ. ಭಾನುವಾರ ಹೊಸ ಮನೆ ನೋಡಲು ಹೋದೆ, ಮುದ್ರಣಾಲಯದ ಹಿಂದಿನ ಎರಡು ಕೋಣೆ, ನಮಗೆ ಕೊಡುತ್ತೇವೆ ಅಂದವರು ಅವರೊಬ್ಬರೇ, ಮಿಕ್ಕವರೆಲ್ಲ ಕಣ್ಣಿಲ್ಲದವರನ್ನು ಒಬ್ಬರನ್ನೇ ಬಿಟ್ಟು ಹೋಗ್ತೀರಾ, ಗ್ಯಾಸು ಗೀಸು ಅಂತ ರಾಗ ಎಳೆದರು. ಆ ಖಾಲಿ ಕೋಣೆಯ ನಡುವೆ ನಿಂತು ಕಣ್ಣು ಮುಚ್ಚಿಕೊಂಡೆ, ಬಚ್ಚಲಿಗೆ ಹೋಗೋಣ ನೋಡೋಣ, ಒಂದು, ಎರಡು, ಮೂರು, ನಾಲ್ಕನೆಯ ಹೆಜ್ಜೆಗೆ ಎದುರಿಗೆ ಏನೋ ಇದೆ ಅನ್ನಿಸಿ ಎದೆ ಧಸಕ್ಕೆಂದಿತು, ಕಣ್ಣು ಬಿಟ್ಟರೆ ಏನೂ ಇರಲಿಲ್ಲ, ಗೋಡೆ ಇನ್ನೂ ದೂರದಲ್ಲಿತ್ತು. ನನ್ನ ಕೈಲೇ ಆಗಲಿಲ್ಲ, ನಲವತ್ತಾರು ವರ್ಷದ ಗಟ್ಟಿಮುಟ್ಟಾದ ಹೆಂಗಸು ನಾನು, ಎಪ್ಪತ್ತಾರರ ಅಮ್ಮನ ಕೈಲಿ ಹೇಗಾಗುತ್ತದೆ. ಮನೆಗೆ ಬಂದವಳೇ ಅರ್ಜಿಗೆ ಸಹಿ ಹಾಕಿದೆ. ಹಾಲಿನ ಗೋಡೆ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ, ಹಳೆ ಹೊದಿಕೆಗಳ ಮೇಲೆ ಇಟ್ಟಿದ್ದೇನೆ, ಕುರುಡಿಯ ಮನೆಯಲ್ಲಿ ಕಾಗದ ಬಚ್ಚಿಡುವ ನನ್ನ ಬುದ್ಧಿಗೆ ಏನೆನ್ನಬೇಕು.

ಹುಡುಗಿ ಅಳೆಯುತ್ತಿದ್ದಾಳೆ, ಟೇಪು ಸರ್ರೆಂದು ಹೊರಗೆ ಬಂದು ಸರ್ರೆಂದು ಒಳಗೆ ಹೋಗುತ್ತದೆ, ಸೋಫಾ ಹಿಡಿಯುತ್ತದೋ ಇಲ್ಲವೋ, ಅಳೆಯಲು ಅಡ್ಡವಾಯಿತೆಂದು ನನ್ನ ಮಷೀನಿನ ಸ್ಟೂಲನ್ನು ಎತ್ತಿ ಹಾಲಿನ ನಡುವೆ ಇಟ್ಟಳು. ಅಯ್ಯೋ, ಆಮೇಲೆ ನೆನಪಿಟ್ಟು ತೆಗೆಯಬೇಕು, ಈ ಮನೆಯಲ್ಲಿ ಒಂದು ಸ್ಟೂಲು ಒಂದು ಗೇಣು ಸರಿದರೂ ನಾವು ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ. ಅಡುಗೆಮನೆಯಲ್ಲಿ ಗಂಡ ನಲ್ಲಿ ತಿರುಗಿಸಿದ, ನೀರು ಬಿತ್ತು, ಸದ್ಯ, ಪೈಪಿನ ಕೆಲಸ. ಅಷ್ಟರಲ್ಲಿ ಹುಡುಗಿ, ಮರೆತಳೋ ಏನೋ, ಗಟ್ಟಿಯಾಗಿ ಕೇಳಿಬಿಟ್ಟಳು, ಬೆಳಿಗ್ಗೆ ಬಿಸಿಲು ಯಾವ ಕಡೆಯಿಂದ ಬರುತ್ತೆ? ನಾನು ಬಾಯಿಯ ಮೇಲೆ ಬೆರಳಿಟ್ಟೆ, ಗೊಂಚಲು ಕೆಮ್ಮಿದ, ಅವನ ಕೆಮ್ಮಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ ಅಂದುಕೊಂಡನೇನೋ. ಒಳಗಿನಿಂದ ಅಮ್ಮನ ದನಿ, ಅಡುಗೆಮನೆ ಕಿಟಕಿಯಿಂದಮ್ಮ, ಎಂಟು ಗಂಟೆಗೆ ನೀರಿನ ಕೊಡದ ಹತ್ತಿರ ಬರುತ್ತೆ, ಒಂಬತ್ತಕ್ಕೆ ಹೊಸಿಲು ದಾಟುತ್ತೆ, ಪಾದಕ್ಕೆ ಬೆಚ್ಚಗಿರುತ್ತೆ. ಹುಡುಗಿ ಸಾರಿ ಎನ್ನುವಂತೆ ನನ್ನ ಕಡೆ ನೋಡಿದಳು, ಏನಾದರೂ ಮಾಡಬೇಕಲ್ಲ, ಕೈಗೆ ಸಿಕ್ಕಿದ್ದು ಬೀರು, ಬೇಡ ಅನ್ನುವಷ್ಟರಲ್ಲಿ ಬಾಗಿಲು ಎಳೆದಳು, ಆ ಬಾಗಿಲು ಮೊದಲಿನಿಂದಲೂ ಬಿಗಿ, ಜೋರಾಗಿ ಎಳೆಯಬೇಕು, ಎಳೆದ ರಭಸಕ್ಕೆ ಹೊದಿಕೆ ಜಾರಿತು, ಕಾಗದ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡಳು, ತಲೆಬರಹ ದಪ್ಪಕ್ಷರದಲ್ಲಿದೆ, ಓದದೆ ಇರಲು ಸಾಧ್ಯವೇ ಇಲ್ಲ, ಕೆಳಗೆ ನನ್ನ ಸಹಿ. ಓದಿದಳು. ಒಳಕೋಣೆಯ ಕಡೆ ನೋಡಿದಳು, ಆಮೇಲೆ ನನ್ನನ್ನು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು, ಒಂದು ಬೈಗುಳ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಂಚ ಕಿರುಗುಟ್ಟಿತು. ಅಮ್ಮ ಎದ್ದಳು, ಬೇಡಮ್ಮ ಕೂತಿರು ಅನ್ನಬೇಕು, ಎಣಿಸುತ್ತಿದ್ದೇನೆ, ಒಂದು, ಎರಡು, ಮೂರು, ನಾಲ್ಕು, ಐದು, ಬಾಗಿಲಲ್ಲಿ ನಿಂತಿದ್ದಾಳೆ, ಹಣೆಯ ಬುಗುಟು ಹಳದಿಗೆ ತಿರುಗಿದೆ, ಈಗ ಬಲಗೈ ಚಾಚಿ ಗೆರೆ ಹಿಡಿಯುತ್ತಾಳೆ, ಎಂಟು ವರ್ಷದಿಂದ ನೋಡಿದ್ದೇನಲ್ಲ. ಚಾಚಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿಕೊಂಡು ಹಾಲಿನ ನಡುವೆ ಹೆಜ್ಜೆ ಇಟ್ಟಳು, ಗೋಡೆ ಅಲ್ಲೆಲ್ಲೋ ಉಳಿಯಿತು, ಖಾಲಿ ಜಾಗದಲ್ಲಿ ಅಮ್ಮ, ಒಬ್ಬಳೇ, ಕತ್ತು ನೆಟ್ಟಗೆ ಹಿಡಿದು. ಪೈಪಿನವರು ಬಿಸಿಲು ಕೇಳ್ತಾರೇನೇ ಅಂದಳು. ದನಿಯಲ್ಲಿ ಸಿಟ್ಟಿಲ್ಲ. ಮೊದಲನೇ ಸಲ ಬಂದವರು ಸೋಫಾ ಎಲ್ಲಿ ಹಾಕೋದು ಅಂದಾಗ್ಲೇ ನಂಗೆ ಗೊತ್ತಾಯ್ತು. ನೀನು ಹೇಳ್ತೀಯ ಹೇಳ್ತೀಯ ಅಂತ ಕಾದೆ, ಹೇಳ್ಲಿಲ್ಲ, ಹೋಗ್ಲಿ. ಹೊಸ ಮನೇಲಿ ಗೋಡೆ ಯಾವ ಕಡೆ ಇರುತ್ತೋ ಏನೋ. ಅದಕ್ಕೇ ದಿನಾ ನೀನು ಅತ್ತ ಹೋದ್ಮೇಲೆ ಗೋಡೆ ಬಿಟ್ಟು ನಡೆಯೋದು ಕಲೀತಾ ಇದೀನಿ, ನಿಂಗೆ ಭಾರ ಆಗಬಾರದಲ್ಲ. ಒಂದೆರಡು ಸಲ ಬಿದ್ದೆ, ಹೇಳಿದ್ರೆ ಬೇಡ ಅಂತಿದ್ದೆ ನೀನು. ಮಂಚದ ಕಾಲು ಅಂದೆನಲ್ಲ, ನೀನು ಪೈಪು ಅಂದೆ, ನಾನು ಮಂಚ ಅಂದೆ.

ಜೇಡ. ಮೂಲೆಯಲ್ಲಿ ಜೇಡ ಕಟ್ಟಿತ್ತು, ದಿನಕ್ಕೆ ಹತ್ತು ಸಲ ಕೈಯಾಡುವ ಕಡೆ ಜೇಡ ಕಟ್ಟುತ್ತದೆಯೇ, ಪೆದ್ದಿ, ಹತ್ತಿರದಿಂದ ನೋಡಿ ಒರೆಸಿದೆ, ಆಗಲೂ ತಿಳಿಯಲಿಲ್ಲ, ಮೂರು ವಾರದಿಂದ ಅಮ್ಮ ಆ ಗೆರೆ ಮುಟ್ಟಿಲ್ಲ, ಒಂದೊಂದು ನೀಲಿ ಕಲೆಯನ್ನೂ ನಾನು ಎಣಿಸಿ ಅಣ್ಣನಿಗೆ ಒಪ್ಪಿಸಿದೆ, ಅವಳು ಮಧ್ಯಾಹ್ನವೆಲ್ಲ ಬಿದ್ದು ಎದ್ದು ನನ್ನ ಜೊತೆ ಬರಲು ತಯಾರಾಗುತ್ತಿದ್ದಳು, ನಾನು ಸಹಿ ಹಾಕುತ್ತಿದ್ದೆ, ಕಾಗದ ನನ್ನ ಕೈಯಲ್ಲಿ ಸದ್ದು ಮಾಡುತ್ತಿದೆ, ಅದೇನೇ ಕಾಗದ ಅಂತ ಕೇಳುತ್ತಾಳೆ ಈಗ, ಕೇಳಿದರೆ — ನಾಲ್ಕು, ಐದು, ಸ್ಟೂಲು, ಅಮ್ಮಾ ಸ್ಟೂಲು, ಕೂಗಿದೆನೋ ಇಲ್ಲವೋ, ಮೊಣಕಾಲು ತಾಗಿತು, ಸ್ಟೂಲು ನೆಲಕ್ಕೆ ಉಜ್ಜಿತು, ಅಮ್ಮ ಓಲಾಡಿ ಬಲಕ್ಕೆ ಎರಡು ಹೆಜ್ಜೆ ವಾಲಿದಳು, ಬೀಳಲಿಲ್ಲ, ಗೊಂಚಲು ಬೀಗದಕೈಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಾನೆ, ಒಂದೂ ಸದ್ದಿಲ್ಲ, ಹೋಗಿ ಹಿಡಿಯಬೇಕು, ಹಿಡಿಯಬಾರದು, ಅಮ್ಮನ ಬಲಗೈ ತಾನಾಗಿ ಎದ್ದಿದೆ, ಗೋಡೆಯ ಕಡೆಗೆ, ಸೊಂಟದ ಮಟ್ಟಕ್ಕೆ, ಬೆರಳು ಬಿಡಿಸಿಕೊಂಡಿವೆ, ಗೆರೆ ಅಲ್ಲೇ ಇದೆ, ಇನ್ನು ಒಂದು ಗೇಣು ಚಾಚಿದರೆ ಸಿಗುತ್ತದೆ, ಚಾಚುತ್ತಿಲ್ಲ, ಕೈ ಇಲ್ಲಿ, ಗೆರೆ ಅಲ್ಲಿ, ನಡುವೆ ಒಂದು ಗೇಣು